ಹೈಲ್ ಎಂಬ ಹನ್ನೊಂದು ಊರುಗಳು

ಜನವರಿ ೬, ಸೋಮವಾರ

ಡಾಕ್ಟರ್ ಸೌಮ್ಯಾ ಹೇಳಿದಂತೆ ಮೊದಲು ಇವಿಷ್ಟು. ನಿದ್ದೆ: ಮೂರೂವರೆ ತಾಸು. ಗುಳಿಗೆ: ತೆಗೆದುಕೊಂಡೆ. ಎದೆ ಡವಗುಟ್ಟಿದ್ದು: ಎರಡು ಸಲ, ಎರಡೂ ರೈಲಿನಲ್ಲಿ.

ಬೊರಿವಲಿಯಿಂದ ಬಸವಂತಣ್ಣನೇ ಜೊತೆಗೆ ಹೊರಟಿದ್ದ. ಆದರೂ ಅಂಧೇರಿ ಬಂದಾಗ ನನ್ನ ಕೈಯಲ್ಲಾಗಲಿಲ್ಲ, ಇಳಿದುಬಿಟ್ಟೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಮೂರು ಲೋಕಲ್ ಬಿಟ್ಟೆವು. "ಮನಿಗೆ ಹೋಗೂಣೇನು ದಾನಿ?" ಎಂದು ಅಣ್ಣ ಕೇಳಿದ. ಮನೆಯಲ್ಲಿ ನಾನು ದಾನಿ. ಪಾಪ, ನನಗಾಗಿ ಅರ್ಧ ದಿನ ರಜೆ ಹಾಕಿ ಬಂದಿದ್ದ. ಅದನ್ನು ನೆನೆದು ನಾಲ್ಕನೆಯದನ್ನು ಹತ್ತಿದೆ. ದಾದರಿನಲ್ಲಿ ಸೇತುವೆ ದಾಟಿ ಇನ್ನೊಂದು ಲೈನು, ಆಮೇಲೆ ಸಯನ್. ನಲವತ್ತು ನಿಮಿಷ ತಡ.

ಮನೆಯ ಬಿಲ್ಡಿಂಗಿನ ಗೇಟು ದಾಟಿ ಇಷ್ಟು ದೂರ ಬಂದು ಎಂಟು ತಿಂಗಳಾಗಿತ್ತು. ಹತ್ತೊಂಬತ್ತು ವರ್ಷ ನಾನು ಭೂಗೋಳ ಕಲಿಸಿದ ಕನ್ನಡ ಶಾಲೆ ಕಳೆದ ಏಪ್ರಿಲ್‌ನಲ್ಲಿ ಮುಚ್ಚಿತು. ಕೊನೆಗೆ ಒಂಬತ್ತೇ ಮಕ್ಕಳು ಉಳಿದಿದ್ದರು. ಅದರ ಬಗ್ಗೆ ಬರೆಯುವುದಿಲ್ಲ.

ಕೆಲಸದ ಬಗ್ಗೆ ಬರೆಯುತ್ತೇನೆ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಆಫೀಸು. ಮಾಲೀಕರು ಧನರಾಜ್ ಅಂತ, ಬೆಳಗಾವಿಯವರು, ಅಣ್ಣನ ಪರಿಚಯ. ಅರಬ್ ದೇಶಗಳಿಗೆ ಪಾರ್ಸೆಲ್ ಸಾಗಿಸುವ ಒಂದು ಕಂಪನಿಗೆ ಇವರು ವಿಳಾಸಗಳ ಪಟ್ಟಿ ಮಾಡಿಕೊಡುತ್ತಾರೆ. ಯಾವ ಊರು ಯಾವ ತಾಲೂಕಿಗೆ ಸೇರಿದ್ದು, ಆ ತಾಲೂಕು ಯಾವ ಜಿಲ್ಲೆಗೆ ಸೇರಿದ್ದು ಎಂದು ಒಂದೊಂದನ್ನೇ ತಾಳೆ ನೋಡಿ ಕಂಪ್ಯೂಟರಿನಲ್ಲಿ ತುಂಬಬೇಕು. "ಬೋರ್ ಆಗೋ ಕೆಲ್ಸ, ಮೇಡಂ. ಮೊದ್ಲೇ ಹೇಳ್ತೇನಿ," ಎಂದರು.

ಬೋರ್! ಮಧ್ಯಾಹ್ನ ಊಟದ ಡಬ್ಬಿ ತೆರೆಯುವುದನ್ನೇ ಮರೆತಿದ್ದೆ.

ಜನವರಿ ೭, ಮಂಗಳವಾರ

ನಿದ್ದೆ: ನಾಲ್ಕು ತಾಸು. ಗುಳಿಗೆ: ಹೌದು. ಎದೆ: ಒಂದು ಸಲ, ಬಾಂದ್ರಾ ದಾಟುವಾಗ. ಅಣ್ಣ ದಾದರಿನವರೆಗೆ ಬಂದ.

ನಮಗೆ ಜಿಲ್ಲೆ, ತಾಲೂಕು, ಹೋಬಳಿ ಇದ್ದ ಹಾಗೆ ಅವರಿಗೂ ಇದೆ. ಆದರೆ ದೇಶಕ್ಕೊಂದು ಹೆಸರು! ಇರಾಕಿನಲ್ಲಿ ತಾಲೂಕಿಗೆ ಖದಾ, ಅದರ ಒಳಗಿನ ಹೋಬಳಿಗೆ ನಾಹಿಯಾ. ಯಮನ್‌ನಲ್ಲಿ ಮುದೀರಿಯಾ. ಈಜಿಪ್ಟಿನಲ್ಲಿ ಮರ್ಕಜ್. ಒಮಾನ್‌ನಲ್ಲಿ ವಿಲಾಯತ್. ನಮ್ಮಜ್ಜಿಯ ಬಾಯಲ್ಲಿ ವಿಲಾಯತಿ ಎಂದರೆ ಲಂಡನ್ನು. ಇಲ್ಲಿ ನೋಡಿದರೆ ಒಂದು ತಾಲೂಕು. ನಾವು ದಿನಾ ಆಡುವ ಜಿಲ್ಲೆ, ತಾಲೂಕು, ತಹಸೀಲು ಎಲ್ಲವೂ ಮೂಲದಲ್ಲಿ ಅರಬ್ಬಿ ಮಾತುಗಳಂತೆ. ಹತ್ತೊಂಬತ್ತು ವರ್ಷ ಕಪ್ಪು ಹಲಗೆಯ ಮೇಲೆ "ಜಿಲ್ಲೆ" ಎಂದು ಬರೆದೆನಲ್ಲ, ಒಮ್ಮೆಯೂ ಇದು ಎಲ್ಲಿಂದ ಬಂತು ಎಂದು ಯೋಚಿಸಿರಲಿಲ್ಲ.

ಪಕ್ಕದ ಕುರ್ಚಿಯ ರೂಪಾಲಿಗೆ ಹೇಳಿದೆ. ಇಪ್ಪತ್ತಾರು ವರ್ಷದ ಹುಡುಗಿ, ತಾಯಿ ಧಾರವಾಡದವರು. ಕನ್ನಡ ಅರ್ಥವಾಗುತ್ತದೆ, ಮಾತಾಡಲು ತಡವರಿಸುತ್ತಾಳೆ. "ವಾವ್ ಟೀಚರ್, ಮತ್ಲಬ್ ನಾವು ಎಲ್ಲಾ... ಅರಬ್ಬಿ ಬೋಲ್ತಾ ಇದ್ದೀವಿ?" ಎಂದು ಕಣ್ಣರಳಿಸಿದಳು.

ಟೀಚರ್ ಎಂದಳು. ಹಾಗೆ ಕರೆ ಎಂದು ನಾನು ಹೇಳಿರಲಿಲ್ಲ.

ಜನವರಿ ೯, ಗುರುವಾರ

ನಿದ್ದೆ ನಾಲ್ಕೂವರೆ. ಗುಳಿಗೆ ಹೌದು.

ಒಮಾನ್ ನನ್ನ ಪಾಲಿಗೆ ಬಂತು. ಹನ್ನೊಂದು ಜಿಲ್ಲೆ, ಅರವತ್ತಮೂರು ವಿಲಾಯತ್. ಕೆಲವು ವಿಲಾಯತ್‌ಗಳ ಒಳಗೆ ಇನ್ನೂ ಒಂದು ಸಣ್ಣ ಭಾಗವಿದೆ: ನಿಯಾಬತ್. ಎಲ್ಲಾ ಕಡೆ ಇಲ್ಲ; ದೂರದ ಗುಡ್ಡಗಾಡು, ಮರಳುಗಾಡಿನ ಕಡೆ ಮಾತ್ರ. ಅವನ್ನೆಲ್ಲ ಹುಡುಕಿ ಮೂರನೇ ಕಾಲಂ ಮಾಡಿದೆ.

ಸಂಜೆ ಧನರಾಜ್ ನೋಡಿದರು. "ಇದೇನ್ರಿ ಮೇಡಂ, ಮೂರನೇದು? ಕ್ಲೈಂಟಿಗೆ ಎರಡಽ ಕಾಲಂ ಸಾಕು. ಇದನ್ನ ತಗೀರಿ, ಟೈಂ ಬರ್ಬಾದ್."

"ಆಗಲಿ ಸರ್," ಎಂದೆ. ಆದರೆ ತೆಗೆಯಲು ಮನಸ್ಸಾಗಲಿಲ್ಲ. ಬೇರೆ ಕಡೆ ಉಳಿಸಿಟ್ಟೆ.

ಜನವರಿ ೧೩, ಸೋಮವಾರ

ಇವತ್ತು ನಡೆದದ್ದನ್ನು ಮರೆಯುವ ಮೊದಲು ಬರೆಯಬೇಕು.

ಆಫೀಸಿನ ಬಿಲ್ಡಿಂಗಿನ ರಿಪೇರಿ ನಡೆದಿದೆ. ಹೊರಗೆಲ್ಲ ಬಿದಿರಿನ ಅಟ್ಟಣಿಗೆ ಕಟ್ಟಿದ್ದಾರೆ, ಕೂಲಿಯವರು ಅದರ ಮೇಲೆಯೇ ಓಡಾಡುತ್ತಾರೆ. ಊಟದ ಹೊತ್ತಿಗೆ ಕಿಟಕಿ ಹತ್ತಿರ ನಿಂತು ರೂಪಾಲಿಗೆ ಜೋರಾಗಿ ಓದಿ ಹೇಳುತ್ತಿದ್ದೆ: "ಒಮಾನ್‌ನಲ್ಲಿ ಹೈಲ್ ಅನ್ನೋ ಹೆಸರಿನ ಊರು ನನ್ನ ಪಟ್ಟಿಯಲ್ಲೇ ಹನ್ನೊಂದಿವೆ ನೋಡು!"

ಕಿಟಕಿಯ ಹೊರಗೆ, ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ಗಕ್ಕನೆ ನಿಂತಳು. ಬುಟ್ಟಿ ಇಳಿಸಿದಳು. ಐದು ನಿಮಿಷಕ್ಕೆ ನಮ್ಮ ಬಾಗಿಲಲ್ಲಿದ್ದಳು. ಕೈಕಾಲಿಗೆಲ್ಲ ಸಿಮೆಂಟು. ಒಳಗೆ ಕಾಲಿಡಲು ಹಿಂಜರಿದು ಹೊಸ್ತಿಲಲ್ಲೇ ನಿಂತಳು.

"ಅಕ್ಕಾ, ಈಗ ಹೈಲ ಅಂದ್ರಲ್ಲ? ಒಮಾನದಾಗಿಂದು?"

"ಹೌದು. ಯಾಕವ್ವ?"

"ನನ್ನ ಗಂಡ ಅಲ್ಲೇ ಅದಾನ್ರಿ." ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೋನನ್ನು ತೆಗೆದಳು. "ಇಪ್ಪತ್ತೊಂದು ದಿನ ಆತು, ಅವನ ಫೋನ್ ಹತ್ತವಲ್ದು."

ಅವಳ ಹೆಸರು ಸುಂದ್ರವ್ವ. ಸಿಂದಗಿ ಕಡೆಯ ಬೂದಿಹಾಳದವಳು. ಗಂಡ ಯಲ್ಲಾಲಿಂಗ, ಗೋಡೆ ಕಟ್ಟುವ ಗವಂಡಿ. ಹೋದ ವರ್ಷ ಇಬ್ಬರೂ ಮುಂಬಯಿಗೆ ಬಂದವರು. ದೀಪಾವಳಿ ಆದಮೇಲೆ ಅವನು ಒಬ್ಬ ಗುತ್ತಿಗೆದಾರನ ಮೂಲಕ ಮಸ್ಕತ್ತಿಗೆ ಹೋಗಿದ್ದಾನೆ. ಡಿಸೆಂಬರ್ ಇಪ್ಪತ್ಮೂರಕ್ಕೆ ಒಂದು ವಾಯ್ಸ್ ಮೆಸೇಜು ಕಳಿಸಿದ್ದೇ ಕಡೆ. ಅದನ್ನು ನಮಗೆ ಕೇಳಿಸಿದಳು. ಹಿಂದೆ ನೀರು ಹರಿಯುವ ಸದ್ದು.

"ಸುಂದ್ರಾ, ನಮ್ಮನ್ನ ಮಸ್ಕತ್ತಿಂದ ಬ್ಯಾರೆ ಕಡೆ ತಂದಾರ. ಹೈಲ ಅಂತ ಊರು. ಗುಡ್ಡದ ಮ್ಯಾಲ ಐತಿ, ಥಂಡಿ ಅಂದ್ರ ಥಂಡಿ. ನಾಯಬನ ಆಫೀಸ ದಾಟಿ ಮ್ಯಾಲಕ್ಕ ಬರಬೇಕು. ಖಜೂರಿ ತ್ವಾಟಕ್ಕ ಗ್ವಾಡಿ ಕಟ್ಟಾಕತ್ತೀವಿ. ಕೆಳಗ ಕಾಲವಿ ಐತಿ, ಕಾಲಿಟ್ಟರ ಜಾರತೈತಿ..."

ಅಷ್ಟೇ.

ಸೈಬರ್ ಅಂಗಡಿಯವನೊಬ್ಬ ರಾಯಭಾರ ಕಚೇರಿಗೆ ದೂರು ತುಂಬಿಕೊಟ್ಟಿದ್ದನಂತೆ. ಮಾಲೀಕನ ಹೆಸರು "ನಾಯಬ್", ಊರು "ಹೈಲ್". ವಿಳಾಸ ಪೂರ್ತಿ ಇಲ್ಲ ಎಂದು ಅದು ಮರಳಿ ಬಂದಿದೆ. ಗುತ್ತಿಗೆದಾರ ಈಗ ಇವಳ ಫೋನು ಎತ್ತುವುದಿಲ್ಲ.

"ಹನ್ನೊಂದು ಹೈಲದಾಗ ಇದು ಯಾವುದು ಅಂತ ನಿಮಗ ಗೊತ್ತಾಗತೈತೇನ್ರಿ?" ಎಂದಳು. "ನಮ್ಮ ಕಡೆನೂ ಬೂದಿಹಾಳ ಬೇಕಾದಷ್ಟು ಅದಾವು. ಸಿಂದಗಿ ಬೂದಿಹಾಳ ಅಂದ್ರನಽ ನಮ್ಮ ಕಾಗದ ನಮಗ ಬರೋದು."

ಎಷ್ಟು ಚೆನ್ನಾಗಿ ಹೇಳಿದಳು! ಈ ಪಟ್ಟಿ ಯಾಕೆ ಬೇಕು ಎಂಬುದನ್ನು ಧನರಾಜ್ ಕೂಡ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ನಿದ್ದೆ ಬರೆಯುವುದು ಮರೆತೆ. ಐದು ತಾಸು ಇರಬೇಕು.

ಜನವರಿ ೧೪, ಮಂಗಳವಾರ

ಸಂಕ್ರಮಣ. ರೂಪಾಲಿ ಎಳ್ಳುಂಡೆ ತಂದಿದ್ದಳು. ಮೂವರೂ ಮೆಟ್ಟಿಲ ಮೇಲೆ ಕೂತು ತಿಂದೆವು: ನಾನು, ರೂಪಾಲಿ, ಸುಂದ್ರವ್ವ. ತಿನ್ನುತ್ತಲೇ ಆ ಮೆಸೇಜನ್ನು ಮತ್ತೆ ಮತ್ತೆ ಕೇಳಿದೆವು. ಹದಿನಾರು ಸಲ ಇರಬಹುದು.

ನಾಯಬ್ ಎಂಬ ಹೆಸರಿನ ಕಂಪನಿ, ನಾಯಬ್ ಎಂಬ ಹೆಸರಿನ ಸೇಠ, ನಾಯಬ್ ಟ್ರೇಡಿಂಗ್, ನಾಯಬ್ ಕಟ್ಟಡ ಸಾಮಗ್ರಿ. ರೂಪಾಲಿ ಏನೆಲ್ಲ ಹುಡುಕಿದಳು. ಸಿಕ್ಕ ಮೂರು ನಂಬರಿಗೆ ನಾನೇ ಫೋನ್ ಮಾಡಿದೆ! ನನ್ನ ಹಿಂದಿಯಲ್ಲಿ, ಅರೆಬರೆ ಇಂಗ್ಲಿಷಿನಲ್ಲಿ. ಒಬ್ಬ ಕೇರಳದವನು ಸಮಾಧಾನದಿಂದ ಮಾತಾಡಿದ. ಆದರೆ ಅವನ ನಾಯಬ್ ಸೇಠ ಸಮುದ್ರದ ದಂಡೆಯಲ್ಲಿದ್ದಾನೆ, ಗುಡ್ಡವೂ ಇಲ್ಲ, ಥಂಡಿಯೂ ಇಲ್ಲ.

ನಾನು ಟೀಚರ್ ಆಗಿದ್ದೆ ಎಂದು ರೂಪಾಲಿ ಅವಳಿಗೆ ಹೇಳಿಬಿಟ್ಟಿದ್ದಾಳೆ. ಸುಂದ್ರವ್ವ ಈಗ "ಅಕ್ಕಾರ" ಎನ್ನುತ್ತಾಳೆ, ಊರ ಶಾಲೆಯಲ್ಲಿ ಅನ್ನುವ ಹಾಗೆ.

ಜನವರಿ ೧೬, ಗುರುವಾರ

ಸಿಕ್ಕಿತು! ಸಿಕ್ಕಿತು! ಸಿಕ್ಕಿತು!

ಅಣ್ಣನ ಮಗಳ ಕಾಲೇಜಿಗೆ ಒಂದು ದಾಖಲೆ ಬೇಕಾಗಿತ್ತು. ಬೆಳಿಗ್ಗೆ ಅಣ್ಣ ನನ್ನನ್ನೂ ಕರೆದುಕೊಂಡು ಬೊರಿವಲಿಯ ತಹಸೀಲ್ ಕಚೇರಿಗೆ ಹೋದ. ಉದ್ದನೆಯ ಸಾಲು. ನಿಂತೂ ನಿಂತೂ ಬೇಸತ್ತು ಗೋಡೆಯ ಮೇಲಿನ ಬೋರ್ಡುಗಳನ್ನು ಓದುತ್ತಿದ್ದೆ. ಎರಡನೇ ಬಾಗಿಲ ಮೇಲೆ ಮರಾಠಿಯಲ್ಲಿ ಬಿಳಿ ಅಕ್ಷರ: ನಾಯಬ ತಹಸೀಲದಾರ.

"ನಾಯಬ!" ಎಂದು ಕೂಗಿಬಿಟ್ಟೆ.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಳಗೆ ಕೂತಿದ್ದ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. ಸಿಪಾಯಿ ಓಡಿ ಬಂದು "ಕಾಯ್ ಝಾಲಂ ಬಾಯಿ?" ಎಂದ. ಅಣ್ಣ ನನ್ನ ತೋಳು ಹಿಡಿದು, "ದಾನಿ, ಹೊರಗ ಗಾಳಿಗೆ ಹೋಗೂಣ ನಡಿ, ಗುಳಿಗಿ ತಂದೀ ಏನು?" ಎಂದು ಗಾಬರಿಯಾದ.

"ಅಣ್ಣಾ, ನಾಯಬ ಮನುಷ್ಯನ ಹೆಸರಲ್ಲೋ! ಹುದ್ದೆ! ತಹಸೀಲ್ದಾರನ ಕೈಕೆಳಗಿನವನು ನಾಯಬ. ಒಮಾನ್‌ನಲ್ಲಿ ವಿಲಾಯತ್‌ಗೆ ವಾಲಿ. ವಾಲಿಯ ಕೈಕೆಳಗಿನವನು ನಾಯಬ ವಾಲಿ. ಅವನು ಇರುವ ಜಾಗವೇ ನಿಯಾಬತ್!"

ಒಂದು ವಾರದಿಂದ ನನ್ನ ಕೈಯಾರೆ ನಿಯಾಬತ್, ನಿಯಾಬತ್ ಎಂದು ತುಂಬುತ್ತಿದ್ದೇನೆ. ಯಲ್ಲಾಲಿಂಗ ಹೇಳಿದ್ದು ಸೇಠನ ಆಫೀಸಲ್ಲ, ಸರ್ಕಾರದ ಆಫೀಸು. ಅಂದರೆ ನಮಗೆ ಬೇಕಾದ ಹೈಲ್ ಯಾವುದೋ ನಿಯಾಬತ್‌ನೊಳಗೇ ಇದೆ. ಹನ್ನೊಂದು ಊರಲ್ಲಿ ಹೆಚ್ಚಿನವು ಈಗಲೇ ಬಿಟ್ಟುಹೋದವು!

ಅಣ್ಣ ಅರ್ಥವಾಗದೆ ನಕ್ಕ. ಅವನನ್ನು ಸಾಲಿನಲ್ಲೇ ಬಿಟ್ಟು ಸ್ಟೇಷನ್ನಿಗೆ ಓಡಿದೆ. ಕಿಕ್ಕಿರಿದ ಲೋಕಲ್, ನಿಲ್ಲಲೂ ಜಾಗವಿಲ್ಲ. ದಾದರಿನವರೆಗೂ ನಿಂತು ರೂಪಾಲಿಗೆ ಮೆಸೇಜು ಟೈಪ್ ಮಾಡಿದ್ದೇ ಮಾಡಿದ್ದು.

ಜನವರಿ ೧೭, ಶುಕ್ರವಾರ

ತೆಗೆಯಿರಿ ಎಂದಿದ್ದ ಮೂರನೇ ಕಾಲಂ ಹೊರಬಂತು. ಹನ್ನೊಂದು ಹೈಲ್‌ಗಳಲ್ಲಿ ನಿಯಾಬತ್‌ನೊಳಗೆ ಬರುವವು ಮೂರೇ ಮೂರು. ಒಂದು ಮರಳುಗಾಡಿನ ಅಂಚಿನಲ್ಲಿದೆ. ಅಲ್ಲಿ ಗುಡ್ಡವಿಲ್ಲ, ಬಿಟ್ಟೆವು. ಉಳಿದವು ಎರಡು, ಎರಡೂ ಬೆಟ್ಟದಲ್ಲಿ. ನಕ್ಷೆ ಹಿಗ್ಗಿಸಿ ಗೋಡೆಗೆ ಅಂಟಿಸಿ ನಾನು, ರೂಪಾಲಿ ನೋಡುತ್ತಿದ್ದಾಗ ಧನರಾಜ್ ಹಿಂದೆ ಬಂದು ನಿಂತಿದ್ದರು.

"ಮೇಡಂ, ಆ ಕಾಲಂ ತಗೀರಿ ಅಂದಿದ್ದೆ."

"ತೆಗೆದಿಲ್ಲ ಸರ್. ತೆಗೆಯುವುದೂ ಇಲ್ಲ. ಅದಿಲ್ಲದಿದ್ದರೆ ನಿಮ್ಮ ಪಾರ್ಸೆಲ್ಲು ಹೈಲ್ ಬಿಟ್ಟು ಹೈಲ್‌ಗೆ ಅಲೆಯುತ್ತದೆ. ಇಲ್ಲಿ ಒಬ್ಬ ಮನುಷ್ಯನೇ ಅಲೆದುಹೋಗಿದ್ದಾನೆ." ಎಲ್ಲವನ್ನೂ ಹೇಳಿದೆ, ಹಲಗೆಯ ಮುಂದೆ ನಿಂತು ಹೇಳುವಂತೆ ಸ್ಕೇಲು ಹಿಡಿದು.

ಅವರು ಗಲ್ಲ ಕೆರೆದುಕೊಂಡರು. "ಒಮಾನ್ ಶೀಟು ಸೋಮವಾರ ಕೊಡಬೇಕು."

"ಕೊಡುತ್ತೇನೆ."

ಸ್ವಲ್ಪ ಹೊತ್ತು ನಕ್ಷೆ ನೋಡಿದರು. ಆಮೇಲೆ ಮೆಲ್ಲಗೆ, "ಮಾಟುಂಗಾದಾಗ ಗುರಲಿಂಗಪ್ಪ ಅಂತ ಅದಾರ, ಕನ್ನಡ ಸಂಘದ ಹಿರೇರು. ಅವರ ಅಳಿಯ ಮಸ್ಕತ್ತಿನ್ಯಾಗ ಅದಾನ. ಅಲ್ಲಿ ಇವತ್ತು, ನಾಳೆ ಸರ್ಕಾರಿ ಆಫೀಸ ಬಂದ್. ಅದಕ್ಕ ಅಲ್ಲಿರೋ ನಮ್ಮ ಮಂದೀನ ಹಿಡೀರಿ," ಎಂದರು.

ಈ ಮನುಷ್ಯನ ಬಗ್ಗೆ ನಾನು ತಪ್ಪು ತಿಳಿದಿದ್ದೆ.

ಜನವರಿ ೧೮, ಶನಿವಾರ

ಮಾಟುಂಗ. ಉಡುಪಿ ಹೋಟೆಲಿನ ಮೂಲೆಯ ಮೇಜಿನಲ್ಲಿ ಗುರಲಿಂಗಪ್ಪನವರು ಕಾಫಿ ಕುಡಿಯುತ್ತ ಕಾದಿದ್ದರು. ಸುಂದ್ರವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ತೊಳೆದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತು ಇಡ್ಲಿಯನ್ನು ಮುಟ್ಟಲೇ ಇಲ್ಲ.

ಗುರಲಿಂಗಪ್ಪನವರು ಅಳಿಯನಿಗೆ ಫೋನ್ ಹಚ್ಚಿದರು, ಅಳಿಯ ಇನ್ನೊಬ್ಬರ ನಂಬರು ಕೊಟ್ಟ. ಸೀನ ಅಂತ, ಕುಂದಾಪುರದ ಕಡೆಯವರು. ಇಪ್ಪತ್ತು ವರ್ಷದಿಂದ ಅಲ್ಲಿ ತರಕಾರಿ ಲಾರಿ ಓಡಿಸುತ್ತಾರೆ. ಅಲ್ಲೇ ಕೂತು ಮಾತಾಡಿದೆ.

"ಹೈಲಾ? ಯಾವ ಹೈಲ್ ಅಕ್ಕ? ಇಲ್ಲಿ ಗಲ್ಲಿಗೊಂದು ಹೈಲ್ ಉಂಟು ಮಾರಾಯ್ರೆ."

ನಾನು ಕಾಗದ ಬಿಡಿಸಿ ಓದಿದೆ: ಜಿಲ್ಲೆ, ವಿಲಾಯತ್, ನಿಯಾಬತ್, ಊರು. ಎರಡೂ ವಿಳಾಸ.

ಆ ಕಡೆಯಿಂದ ಪ್ರಶ್ನೆ ಬಂತು: "ಅಕ್ಕ, ನೀವು ಒಮಾನ್‌ನಲ್ಲಿ ಎಷ್ಟು ವರ್ಷ ಇದ್ರಿ?"

"ನಾನು ಬೊರಿವಲಿ ದಾಟಿ ಹೆಚ್ಚೆಂದರೆ ವಿಜಯಪುರಕ್ಕೆ ಹೋದವಳು!"

ಸೀನಣ್ಣ ದೊಡ್ಡದಾಗಿ ನಕ್ಕರು. "ಮೊದಲ್ನೇದು ನನ್ನ ದಾರೀಲೇ ಉಂಟು, ನಾಳೆ ನೋಡ್ತೇನೆ. ಎರಡನೇದು, ವಾದಿ ಸುಮೈರ್ ನಿಯಾಬತ್, ಅದು ಮೇಲೆ, ಮೂರು ಗಂಟೆ ಘಾಟಿ. ಮಂಗಳವಾರ ಅಲ್ಲಿಗೆ ಲೋಡ್ ಉಂಟು. ನೀವು ಟೆನ್ಷನ್ ಮಾಡ್ಬೇಡಿ."

ಆಮೇಲೆ ಸುಂದ್ರವ್ವ ಇಡ್ಲಿ ತಿಂದಳು.

ಜನವರಿ ೧೯, ಭಾನುವಾರ

ಮೊದಲನೆಯ ಹೈಲ್‌ನಲ್ಲಿ ಇಲ್ಲ. ಸೀನಣ್ಣ ಮನೆಮನೆ ಕೇಳಿದರಂತೆ. ಅಲ್ಲಿ ಈ ವರ್ಷ ಯಾರೂ ಗೋಡೆಯನ್ನೇ ಕಟ್ಟಿಸಿಲ್ಲ.

ಜನವರಿ ೨೦, ಸೋಮವಾರ

ಒಮಾನ್ ಶೀಟು ಕೊಟ್ಟೆ. ಮೂರು ಕಾಲಂ. ಧನರಾಜ್ ಹಾಗೇ ಕಳಿಸಿದರು.

ಮಧ್ಯಾಹ್ನ ಕೆಳಗಿಳಿದು ಸುಂದ್ರವ್ವನಿಗೆ ನಿನ್ನೆಯ ಸುದ್ದಿ ಹೇಳಿದೆ. ಬುಟ್ಟಿಗೆ ಮರಳು ತುಂಬುತ್ತಿದ್ದವಳು ಸಲಿಕೆ ನಿಲ್ಲಿಸಲಿಲ್ಲ. "ಅಕ್ಕಾರ, ಒಂದ ಮಾತು. ನಾಳೆ ಕೆಟ್ಟ ಸುದ್ದಿ ಬಂದ್ರ ಮುಚ್ಚಿಡಬ್ಯಾಡ್ರಿ. ಗುತ್ತೇದಾರ ಮುಚ್ಚಿಟ್ಟಾನ, ಊರಾಗಿನವರು ಏನಾಗಂಗಿಲ್ಲ ಬಿಡು ಅಂತಾರ. ನೀವರೆ ಇದ್ದದ್ದು ಇದ್ದಂಗ ಹೇಳ್ರಿ."

"ಹೇಳುತ್ತೇನೆ," ಎಂದು ಮಾತು ಕೊಟ್ಟೆ. ಅವಳ ಕೈ ಹಿಡಿದೆ. ಮರಳು ಕಾಗದದಂಥ ಕೈ.

ಜನವರಿ ೨೧, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಪೆನ್ನು ನಿಲ್ಲುತ್ತಿಲ್ಲ.

ಮಧ್ಯಾಹ್ನ ಎರಡೂಕಾಲಕ್ಕೆ ಸೀನಣ್ಣನ ಫೋನ್. ಅಲ್ಲಿ ನಮಗಿಂತ ಒಂದೂವರೆ ತಾಸು ಹಿಂದೆ, ಅಂದರೆ ಹನ್ನೆರಡೂ ಮುಕ್ಕಾಲು. "ಅಕ್ಕ, ಲಾರಿ ಸೈಡಿಗೆ ಹಾಕಿ ಮಾತಾಡ್ತಿದ್ದೇನೆ. ನಾಯಬ್ ಆಫೀಸಿನ ಬೋರ್ಡು ಎದುರಿಗೇ ಉಂಟು. ಇದು ದಾಟಿ ಮೇಲೆ ಹೋದ್ರೆ ಹೈಲ್. ಮೊದಲು ಆಫೀಸಲ್ಲೇ ಕೇಳ್ತೇನೆ." ಫೋನ್ ಕಟ್.

ಆಮೇಲೆ ಒಂದು ತಾಸು ಹತ್ತು ನಿಮಿಷ ಏನೂ ಇಲ್ಲ. ಕೂಲಿಯವರ ಮೇಸ್ತ್ರಿ, ಮುಕಾದಮ ಬಂಡೆಪ್ಪ, ಸುಂದ್ರವ್ವನನ್ನು ಕೆಲಸದಿಂದ ಬಿಟ್ಟು ಮೇಲೆ ಕಳಿಸಿದ್ದ. ಅವಳು ಹೊಸ್ತಿಲಲ್ಲೇ ಕೂತಳು, ಎಷ್ಟು ಹೇಳಿದರೂ ಕುರ್ಚಿಗೆ ಬರಲಿಲ್ಲ. ಧನರಾಜ್ ಮೂರು ಸಲ ನೀರು ಕುಡಿಯಲು ಎದ್ದರು.

ಮೂರು ಇಪ್ಪತ್ತೈದಕ್ಕೆ ವಿಡಿಯೋ ಕಾಲ್. ಮೊದಲು ಕಂಡದ್ದು ಒಂದು ಮಣ್ಣಿನ ಬಣ್ಣದ ಗೋಡೆ. ಆಮೇಲೆ ಬಿಳಿ ಅಂಗಿ ತೊಟ್ಟ ಒಬ್ಬ ಮುದುಕ. ಆಮೇಲೆ ಹಾಸಿಗೆ. ಹಾಸಿಗೆಯ ಮೇಲೆ ಗಡ್ಡ ಬಿಟ್ಟ ಒಬ್ಬ ಮನುಷ್ಯ, ತೊಡೆಯವರೆಗೆ ಪ್ಲಾಸ್ಟರು.

ರೂಪಾಲಿ ಕಿರುಚಿದಳು. ನಾನು ಫೋನನ್ನು ಸುಂದ್ರವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಗಡ್ಡ ಯಾಕ ಬಿಟ್ಟಿ?" ಎಂದಳು.

"ಕಾಲು ಮುರದೈತಿ ಸುಂದ್ರಾ."

"ಗಡ್ಡಕ್ಕ ಏನ್ ಧಾಡಿ ಆಗಿತ್ತು?"

ಆ ಕಡೆ ಅವನು ನಗಲು ಹೋಗಿ ಅತ್ತ. ಈ ಕಡೆ ಇವಳು ಅಳಲು ಹೋಗಿ ನಕ್ಕಳು. "ರೊಟ್ಟಿ ಸಿಗತೈತೇನು?" "ರೊಟ್ಟಿ ಇಲ್ಲ, ಅಜ್ಜ ದಿನಾ ಖಜೂರಿ ತಿನಸತಾನ." "ಹೊಟ್ಟಿ ಸರಿ ಐತೇನು?" ಇಷ್ಟೇ ಮಾತು. ಇಪ್ಪತ್ತೊಂಬತ್ತು ದಿನದ ನಂತರ ಇಷ್ಟೇ!

ನಡೆದದ್ದನ್ನು ಸೀನಣ್ಣ ಹೇಳಿದರು. ಆ ಮೆಸೇಜು ಕಳಿಸಿದ ಬೆನ್ನಲ್ಲೇ ಯಲ್ಲಾಲಿಂಗ ಜಾರಿ ಕಾಲುವೆಗೆ ಬಿದ್ದಿದ್ದಾನೆ. ಕಾಲು ಮುರಿಯಿತು, ಫೋನು ನೀರಿನಲ್ಲಿ ಹೋಯಿತು. ಹೆಂಡತಿಯ ನಂಬರು ಫೋನಿನಲ್ಲಿತ್ತೇ ಹೊರತು ಅವನ ತಲೆಯಲ್ಲಿರಲಿಲ್ಲ. ಜೊತೆಗಿದ್ದವರನ್ನು ಗುತ್ತಿಗೆದಾರ ಬೇರೆ ಕಡೆ ಸಾಗಿಸಿದ. ಇವನ ಪಾಸ್‌ಪೋರ್ಟೂ ಅವನ ಬಳಿಯೇ ಉಳಿಯಿತು. ಊರಿನ ಆರೋಗ್ಯ ಕೇಂದ್ರದಲ್ಲಿ ಕಾಲು ಕಟ್ಟಿಸಿದ ಮೇಲೆ ತೋಟದ ಯಜಮಾನ, ಆ ಮುದುಕ, ತನ್ನ ಮನೆಗೇ ಕರೆದೊಯ್ದಿದ್ದಾನೆ. ನಾಯಬ ವಾಲಿಯ ಆಫೀಸಿನವರು ಗುತ್ತಿಗೆದಾರನ ವಿಳಾಸಕ್ಕೆ ಎರಡು ಸಲ ಬರೆದರೂ ಉತ್ತರವಿಲ್ಲ.

"ಆಫೀಸಿನ ರಿಜಿಸ್ಟರಿನಲ್ಲಿ ಇವನ ಹೆಸರು ಏನು ಬರ್ದಿದ್ದಾರೆ ಗೊತ್ತುಂಟಾ? ಯಲ್ಲಾ! ಅರಬ್ಬಿಯಲ್ಲಿ ಯಲ್ಲಾ ಅಂದ್ರೆ ನಡೀರಿ ಹೋಗುವ ಅಂತ. ಹೆಸರು ಕೇಳಿದಾಗೆಲ್ಲ ಇವ ಯಲ್ಲಾ ಅಂದ್ರೆ, ಹೋಗುವ ಅವಸರ ಪಾಪ ಅಂತ ಅವ್ರು ತಿಳ್ಕೊಂಡ್ರು!"

ಧನರಾಜ್ ಕಿಟಕಿ ಕಡೆ ಮುಖ ಮಾಡಿ ಮೂಗು ಒರೆಸಿಕೊಂಡರು. ಆಮೇಲೆ ಇಡೀ ಬಿಲ್ಡಿಂಗಿನ ಕೂಲಿಯವರಿಗೆಲ್ಲ ಚಹಾ ತರಿಸಿದರು.

ಜನವರಿ ೨೭, ಸೋಮವಾರ

ರಾಯಭಾರ ಕಚೇರಿಗೆ ಈ ಸಲ ನಾನೇ ದೂರು ತುಂಬಿದೆ. ಜಿಲ್ಲೆ, ವಿಲಾಯತ್, ನಿಯಾಬತ್, ಊರು, ಮನೆ ಯಜಮಾನನ ಹೆಸರು. ನಾಲ್ಕೇ ದಿನದಲ್ಲಿ ಅವರೇ ಫೋನ್ ಮಾಡಿದರು! ಪಾಸ್‌ಪೋರ್ಟಿನ ಬದಲು ತಾತ್ಕಾಲಿಕ ಪತ್ರ ಕೊಡುತ್ತಾರಂತೆ. "ವಿಳಾಸ ಇಷ್ಟು ಸರಿಯಾಗಿ ಯಾರೂ ಬರೆದು ಕಳಿಸುವುದಿಲ್ಲ," ಎಂದರು ಫೋನಿನಲ್ಲಿದ್ದ ಹೆಣ್ಣುಮಗಳು.

ಅರಬ್ಬಿ ಅಕ್ಷರ ಕಲಿಯುತ್ತಿದ್ದೇನೆ. ಬರುವಾಗ ಏಳು, ಹೋಗುವಾಗ ಏಳು, ರೈಲಿನಲ್ಲೇ. ಬಲದಿಂದ ಎಡಕ್ಕೆ. ಇವತ್ತು ಅಕ್ಷರದಲ್ಲಿ ಮುಳುಗಿ ಬೊರಿವಲಿ ಬಂದದ್ದೇ ತಿಳಿಯಲಿಲ್ಲ, ವಿರಾರ್‌ವರೆಗೆ ಹೋಗಿಬಿಟ್ಟಿದ್ದೆ. ಅಣ್ಣ ಎರಡು ಸಲ ಫೋನ್ ಮಾಡಿದ್ದ. ಅವನಿಗೂ ಬರೀ ಯೋಚನೆ.

ಧನರಾಜ್ ಯಮನ್ ಕೊಟ್ಟಿದ್ದಾರೆ. ಮೂರು ಕಾಲಂ ಬೇಕಂತೆ, ಕಂಪನಿಯವರೇ ಕೇಳಿದ್ದಾರೆ.

ಫೆಬ್ರವರಿ ೮, ಶನಿವಾರ

ವಿಮಾನ ನಿಲ್ದಾಣ. ಬೆಳಿಗ್ಗೆ ಹನ್ನೊಂದರ ವಿಮಾನ. ಸುಂದ್ರವ್ವ ಎಂಟಕ್ಕೇ ಬಂದು ಕಂಬಿ ಹಿಡಿದು ನಿಂತಿದ್ದಳು. ಬಾಗಿಲು ತೆರೆದಾಗಲೆಲ್ಲ ಕಾಲ ಬೆರಳ ಮೇಲೆ ನಿಂತು ನೋಡುವಳು.

ಗಾಲಿಕುರ್ಚಿಯಲ್ಲಿ ಬಂದ. ನೀಟಾಗಿ ಗಡ್ಡ ಬೋಳಿಸಿದ್ದ. ಸುಂದ್ರವ್ವ ಹತ್ತಿರ ಹೋಗಿ ಅವನ ಗಲ್ಲದ ಮೇಲೆ ಕೈಯಾಡಿಸಿ, "ಈಗ ಮನಶ್ಯಾನಂಗ ಕಾಣ್ತಿ," ಎಂದಳು. ನನ್ನ ಕಡೆ ತೋರಿಸಿ, "ಇವರಽ ಅಕ್ಕಾರು," ಎಂದಳು. ಅವನು ಕುರ್ಚಿಯಿಂದಲೇ ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ಬಿದ್ದಾನು ಎಂದು ಇಬ್ಬರೂ ಹಿಡಿದೆವು.

ಅವನ ತೊಡೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಖರ್ಜೂರ. ಮೇಲೆ ತೋಟದ ಮುದುಕ ತನ್ನ ವಿಳಾಸವನ್ನು ಅರಬ್ಬಿಯಲ್ಲಿ ಬರೆಸಿ ಕಳಿಸಿದ್ದ, ಮುಟ್ಟಿದ್ದಕ್ಕೆ ಉತ್ತರ ಬರೆಯಲಿ ಎಂದು. "ಏನ್ ಬರದಾರ ಅಕ್ಕಾರ?" ಎಂದಳು ಸುಂದ್ರವ್ವ. ಬೆರಳಿಟ್ಟು, ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹೈಲ್. ನಿಯಾಬತ್ ವಾದಿ ಸುಮೈರ್.

ಓದಲು ಬಂತು! ಜನ ನೂಕುತ್ತಿದ್ದರು, ಟ್ಯಾಕ್ಸಿಯವರು ಕರೆಯುತ್ತಿದ್ದರು. ನಾನು ಇನ್ನೊಂದು ಸಲ ಓದಿದೆ.

ಫೆಬ್ರವರಿ ೧೬, ಭಾನುವಾರ

ಹೋದ ವಾರ ಸುಂದ್ರವ್ವ ಕೇಳಿದ್ದಳು. ನಮ್ಮ ಹೆಣ್ಣುಮಕ್ಕಳಿಗೆ ಯಾರಿಗೂ ತಮ್ಮ ವಿಳಾಸ ಪೂರ್ತಿ ಹೇಳಲು ಬರುವುದಿಲ್ಲ, ಗಂಡಂದಿರು ಕೆಲಸಕ್ಕೆ ಹೋದ ಊರಿನದಂತೂ ಮೊದಲೇ ಗೊತ್ತಿಲ್ಲ, ಒಂದು ದಿನ ಬಂದು ಹೇಳಿಕೊಡುತ್ತೀರಾ ಎಂದು. ಇವತ್ತು ಅವರ ಕೆಲಸದ ಜಾಗಕ್ಕೆ ಹೋಗಿದ್ದೆ. ಐದಾರು ಮಂದಿ ಇರಬಹುದು ಎಂದುಕೊಂಡಿದ್ದೆ. ಇಪ್ಪತ್ತೆರಡು ಜನ ಮರಳಿನ ಗುಡ್ಡೆಯ ಮೇಲೆ ಕೂತಿದ್ದರು. ಯಲ್ಲಾಲಿಂಗ ಕಾಲು ಚಾಚಿಕೊಂಡು ಒಂದು ಸ್ಟೂಲಿನ ಮೇಲೆ.

ಹಲಗೆ ಎಲ್ಲಿದೆ? ಪ್ಲಾಸ್ಟರ್ ಆಗದ ಹಸಿ ಗೋಡೆ ಇತ್ತು, ಕಾಲ ಬುಡದಲ್ಲಿ ಇಟ್ಟಿಗೆ ಚೂರುಗಳಿದ್ದವು. ಒಬ್ಬೊಬ್ಬರೇ ಎದ್ದು ಬಂದು ಹೇಳಿದರು. ಬರೆಯಲು ಬರುವವರು ತಾವೇ ಬರೆದರು, ಬಾರದವರ ಕೈ ಹಿಡಿದು ನಾನು ಬರೆಸಿದೆ. ಹೆಸರು, ಊರು, ಹೋಬಳಿ, ತಾಲೂಕು, ಜಿಲ್ಲೆ. ಹೋಬಳಿಗೆ ಬಂದಾಗ ಮುಕ್ಕಾಲು ಜನಕ್ಕೆ ಗೊತ್ತಿಲ್ಲ! ಅಲ್ಲಿಂದಲೇ ಊರಿಗೆ ಫೋನ್ ಮಾಡಿ ಮಾಡಿ ಕೇಳಿದರು. "ಅಪ್ಪಾ, ನಮ್ಮದು ಯಾವ ಹೋಬಳಿ?" "ಯಾಕವ್ವಾ, ಏನಾತು?" "ಏನಾಗಿಲ್ಲ, ಸಾಲಿ ನಡದೈತಿ, ಲಗೂನ ಹೇಳು!"

ಎಲ್ಲರಿಗಿಂತ ಹಿರಿಯಳು ಕಾಶವ್ವ, ಅರವತ್ತರ ಹತ್ತಿರ. ಎಂದೂ ಪೆನ್ಸಿಲ್ ಹಿಡಿದವಳಲ್ಲ. ಅವಳ ಐದು ಸಾಲು ಬರೆಸಲು ಅರ್ಧ ತಾಸು ಹಿಡಿಯಿತು. ಬರೆದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು.

ಅಷ್ಟರಲ್ಲಿ ಮುಕಾದಮ ಬಂಡೆಪ್ಪ ಬಂದ. ಗೋಡೆ ನೋಡಿ ತಲೆ ಕೆರೆದ. "ಅಕ್ಕಾರ, ನಾಳೆ ಈ ಗ್ವಾಡಿಗೆ ಪ್ಲಾಸ್ಟರ್ ಹೊಡೀತೀವಲ್ರಿ. ಎಲ್ಲಾ ಮುಚ್ಚಿ ಹೋಗ್ತೈತಿ."

ಕಾಶವ್ವನೇ ಹೇಳಿದಳು.

"ಹೊಡೀರಿ ಹೊಡೀರಿ. ಸಿಮೆಂಟಿನ ಮಾಲು ನಾನಽ ಕಲಸಿ ಕೊಡ್ತೀನಿ. ನನಗ ಬಾಯಿಪಾಠ ಆಗೈತಿ."

ಗೋಡೆಗೆ ಬೆನ್ನು ತಿರುಗಿಸಿ, ಸೆರಗು ಸರಿಮಾಡಿಕೊಂಡು, ನಮ್ಮೆಲ್ಲರ ಕಡೆ ಮುಖ ಮಾಡಿ ನಿಂತು ಹೇಳಿದಳು: "ಕಾಶವ್ವ. ಊರು ಮಣ್ಣೂರ. ಹೋಬಳಿ ಕರಜಗಿ. ತಾಲೂಕು ಅಫಜಲಪುರ. ಜಿಲ್ಲಾ ಕಲಬುರಗಿ."

"ಇನ್ನೊಂದ್ಸಲ," ಎಂದೆ. "ಹಿಂದೆ ಕೂತವರಿಗೂ ಕೇಳಬೇಕು."